ಎಡಿಸನ್ ದೊಡ್ಡವನೋ, ಟೆಸ್ಲಾ ದೊಡ್ಡವನೋ?

ವಿಜ್ಞಾನದ ಚರಿತ್ರೆಯಲ್ಲಿ ಕೆಲವು ಹೆಸರುಗಳು ಜೋಡಿಯಾಗಿಯೇ ಬರುತ್ತವೆ. ಕಲನಶಾಸ್ತ್ರವೆಂದೊಡನೆ ನ್ಯೂಟನ್ ಮತ್ತು ಲೈಬ್ನಿಟ್ಸ್, ಜೀವವಿಕಾಸವೆಂದೊಡನೆ ಡಾರ್ವಿನ್ ಮತ್ತು ವಾಲೇಸ್. ವಿದ್ಯುತ್ತಿನ ವಿಚಾರಕ್ಕೆ ಬಂದರೆ ಆ ಜೋಡಿ ಥಾಮಸ್ ಆಲ್ವಾ ಎಡಿಸನ್ ಮತ್ತು ನಿಕೋಲಾ ಟೆಸ್ಲಾ ಅವರದು. ಡಾರ್ವಿನ್ ಮತ್ತು ವಾಲೇಸ್ ಪರಸ್ಪರ ಗೌರವದಿಂದ ನಡೆದುಕೊಂಡವರು. ಎಡಿಸನ್ ಮತ್ತು ಟೆಸ್ಲಾರನ್ನಾದರೋ ಜನ ಹಾವು ಮುಂಗುಸಿಗಳೆಂದೇ ಭಾವಿಸಿದ್ದಾರೆ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ ವರ್ಷಗಳಲ್ಲಿ ಎಡಿಸನ್ನನ ಹೆಸರು ಕೇಳದ ವಿದ್ಯಾರ್ಥಿ ಇರಲಿಲ್ಲ. ವಿದ್ಯುದ್ದೀಪವನ್ನು ಕಂಡುಹಿಡಿದವರು ಯಾರೆಂಬ ಪ್ರಶ್ನೆಗೆ ಹಿಂದಿನ ಬೆಂಚಿನವರೂ ಕೈಯೆತ್ತುತ್ತಿದ್ದರು. ಟೆಸ್ಲಾ ಎಂದರೆ ಮಾತ್ರ ಕಾಂತಕ್ಷೇತ್ರದ ಏಕಮಾನ. ಅದು ಒಬ್ಬ ಮನುಷ್ಯನ ಹೆಸರೆಂಬುದೂ ಬಹಳ ಮಂದಿಗೆ ತಿಳಿದಿರಲಿಲ್ಲ. ಈಗ ಕಾಲ ತಿರುಗಿದೆ. ಟೆಸ್ಲಾ ಹೆಸರಿನ ಕಾರುಗಳು ಓಡಾಡುತ್ತಿವೆ. ಇಂದಿನ ಯುವಕರನ್ನು ಕೇಳಿದರೆ, ಎಡಿಸನ್ ಪರರ ಬುದ್ಧಿಯನ್ನು ಕದ್ದ ವ್ಯಾಪಾರಿ, ಟೆಸ್ಲಾ ಜಗತ್ತಿನಿಂದ ವಂಚಿತನಾದ ಮಹಾಪ್ರತಿಭೆ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಹಿಂದೆ ಒಬ್ಬನಿಗೆ ಹಾಕಿದ್ದ ಹಾರವನ್ನು ತೆಗೆದು ಇನ್ನೊಬ್ಬನ ಕೊರಳಿಗೆ ಹಾಕಿದ್ದೇವೆಯೇ ಹೊರತು, ಅವರ ಕೆಲಸವನ್ನು ಹತ್ತಿರದಿಂದ ನೋಡುವ ಶ್ರಮವನ್ನು ಅಂದೂ ತೆಗೆದುಕೊಳ್ಳಲಿಲ್ಲ, ಇಂದೂ ತೆಗೆದುಕೊಳ್ಳುತ್ತಿಲ್ಲ. ಇಸವಿಗಳನ್ನು ಎದುರಿಗಿಟ್ಟುಕೊಂಡು ಇವರಿಬ್ಬರನ್ನೂ ತೂಗಿ ನೋಡುವುದು ಈ ಲೇಖನದ ಉದ್ದೇಶ.

ಇಬ್ಬರ ಹಿನ್ನೆಲೆ

ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಅಮೆರಿಕದ ಒಹಾಯೊ ಸಂಸ್ಥಾನದ ಮಿಲಾನ್ ಎಂಬ ಊರಿನಲ್ಲಿ. ಶಾಲೆಗೆ ಹೋದದ್ದು ಅತ್ಯಲ್ಪ ಕಾಲ. ವಿದ್ಯೆ ಕಲಿಸಿದವಳು ಹಿಂದೆ ಶಿಕ್ಷಕಿಯಾಗಿದ್ದ ತಾಯಿ. ಎಳೆಯ ವಯಸ್ಸಿನಲ್ಲೇ ರೈಲಿನಲ್ಲಿ ಪತ್ರಿಕೆ ಮತ್ತು ಮಿಠಾಯಿ ಮಾರಿದ, ಆಮೇಲೆ ಊರೂರು ಸುತ್ತುತ್ತ ತಂತಿ ಕಚೇರಿಗಳಲ್ಲಿ ಕೆಲಸ ಮಾಡಿದ. ಬಾಲ್ಯದಿಂದಲೇ ಕಿವಿ ಮಂದ. ಗಣಿತದಲ್ಲಿ ಪರಿಶ್ರಮವಿರಲಿಲ್ಲ. ಆದರೆ ತನಗೇನು ಬಾರದು ಎಂಬುದನ್ನು ಅರಿತು, ಅದು ಬಲ್ಲವರನ್ನು ಪಕ್ಕದಲ್ಲಿರಿಸಿಕೊಳ್ಳುವ ವಿವೇಕ ಅವನಿಗಿತ್ತು. 1876ರಲ್ಲಿ ನ್ಯೂ ಜೆರ್ಸಿಯ ಮೆನ್ಲೊ ಪಾರ್ಕಿನಲ್ಲಿ ಆತ ತೆರೆದ ಪ್ರಯೋಗಾಲಯದಲ್ಲಿ ಯಂತ್ರಗಳನ್ನು ನಿರ್ಮಿಸಬಲ್ಲ ಜಾನ್ ಕ್ರೂಸಿ, ನುರಿತ ಕೈಗಳ ಚಾರ್ಲ್ಸ್ ಬ್ಯಾಚೆಲರ್, ಗಣಿತ ಬಲ್ಲ ಫ್ರಾನ್ಸಿಸ್ ಅಪ್ಟನ್ ಮೊದಲಾದವರಿದ್ದರು. ಹೊಸ ವಸ್ತುಗಳನ್ನು ಕಂಡುಹಿಡಿಯುವುದನ್ನೇ ನಿತ್ಯದ ಉದ್ಯೋಗವಾಗಿಸಿಕೊಂಡ ಇಂಥ ತಂಡ ಅದಕ್ಕೆ ಮೊದಲು ಅಪರೂಪ. ಅಮೆರಿಕದಲ್ಲಿ ಎಡಿಸನ್ನನ ಹೆಸರಿಗೆ ದೊರೆತ 1,093 ಪೇಟೆಂಟುಗಳನ್ನು ಓದುವಾಗ ಈ ತಂಡವನ್ನು ಮರೆಯಬಾರದು.

ಟೆಸ್ಲಾ ಹುಟ್ಟಿದ್ದು 1856ರ ಜುಲೈ 10ರಂದು, ಅಂದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಕ್ರೊಯೇಷಿಯಾದಲ್ಲಿರುವ ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ. ಮನೆತನ ಸೆರ್ಬಿಯನ್ನರದು, ತಂದೆ ಆರ್ಥೊಡಾಕ್ಸ್ ಚರ್ಚಿನ ಪಾದ್ರಿ. ತಾಯಿ ಮನೆಗೆ ಬೇಕಾದ ಸಲಕರಣೆಗಳನ್ನು ತಾನೇ ರೂಪಿಸಿಕೊಳ್ಳುತ್ತಿದ್ದಳೆಂದು, ತನ್ನ ಬುದ್ಧಿ ಅವಳಿಂದಲೇ ಬಂದುದೆಂದು ಟೆಸ್ಲಾ ಬರೆದುಕೊಂಡಿದ್ದಾನೆ. ಗ್ರಾಝ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಓದಿದನಾದರೂ ಪದವಿ ಪಡೆಯಲಿಲ್ಲ. ಆದರೆ ಗಣಿತ ಮತ್ತು ಭೌತವಿಜ್ಞಾನಗಳನ್ನು ಕ್ರಮವಾಗಿ ಕಲಿತಿದ್ದ, ಹಲವು ಭಾಷೆಗಳನ್ನು ಬಲ್ಲವನಾಗಿದ್ದ. ಯಂತ್ರವೊಂದನ್ನು ಕಟ್ಟುವ ಮೊದಲು ಮನಸ್ಸಿನಲ್ಲೇ ಅದನ್ನು ಪೂರ್ತಿಯಾಗಿ ನಡೆಸಿ ನೋಡುವುದು ಅವನ ರೀತಿ.

ಒಬ್ಬ ಕೈಯಿಂದ ತಲೆಗೆ ಹೋದವನು, ಇನ್ನೊಬ್ಬ ತಲೆಯಿಂದ ಕೈಗೆ ಬಂದವನು. ಮುಂದೆ ಇಬ್ಬರ ನಡುವೆ ನಡೆದುದಕ್ಕೆಲ್ಲ ಈ ಭೇದ ಹಿನ್ನೆಲೆಯಾಗಿ ನಿಲ್ಲುತ್ತದೆ.

ಎಡಿಸನ್ ಮಾಡಿದ್ದೇನು?

ಎಡಿಸನ್ ವಿದ್ಯುದ್ದೀಪವನ್ನು ಕಂಡುಹಿಡಿದ ಎಂಬ ವಾಕ್ಯ ಅರ್ಧ ಸತ್ಯ. ವಿದ್ಯುತ್ತಿನಿಂದ ತಂತುವನ್ನು ಕಾಯಿಸಿ ಬೆಳಕು ಪಡೆಯಬಹುದೆಂಬುದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ತಿಳಿದಿತ್ತು. ಇಂಗ್ಲೆಂಡಿನಲ್ಲಿ ಜೋಸೆಫ್ ಸ್ವಾನ್ ಎಂಬಾತ ಅದೇ ಕಾಲದಲ್ಲಿ ಇಂಗಾಲದ ತಂತುವಿನ ದೀಪವನ್ನು ಉರಿಸಿ ತೋರಿಸಿದ್ದ. ಆ ದೇಶದಲ್ಲಿ ಇಬ್ಬರೂ ಕೂಡಿ ಒಂದೇ ಕಂಪನಿ ಮಾಡಿಕೊಳ್ಳಬೇಕಾಯಿತು.

ಹಾಗಾದರೆ ಎಡಿಸನ್ನನ ಹೆಚ್ಚುಗಾರಿಕೆ ಯಾವುದು? ಇತರರು ದೀಪವನ್ನು ಕುರಿತು ಯೋಚಿಸಿದರು. ಆತ ಊರನ್ನು ಕುರಿತು ಯೋಚಿಸಿದ. ಊರಿಗೆಲ್ಲ ವಿದ್ಯುತ್ ಹಂಚಬೇಕಾದರೆ ತಾಮ್ರದ ತಂತಿ ಬೇಕು, ತಾಮ್ರ ದುಬಾರಿ. ದೀಪದ ತಂತುವಿನ ರೋಧ ಕಡಿಮೆಯಿದ್ದರೆ ಅಧಿಕ ಪ್ರವಾಹ ಬೇಕಾಗುತ್ತದೆ, ಅಧಿಕ ಪ್ರವಾಹಕ್ಕೆ ದಪ್ಪ ತಂತಿ ಬೇಕಾಗುತ್ತದೆ. ಆದುದರಿಂದ ತಂತು ಹೆಚ್ಚು ರೋಧವುಳ್ಳದ್ದಾಗಿರಬೇಕು. ಹೀಗೆ ತಾಮ್ರದ ಬೆಲೆಯಿಂದ ಹಿಮ್ಮುಖವಾಗಿ ಲೆಕ್ಕ ಹಾಕುತ್ತ ಬಂದು ಆತ ದೀಪಕ್ಕೆ ತಲುಪಿದ. 1879ರ ಅಕ್ಟೋಬರಿನಲ್ಲಿ ಸುಟ್ಟ ಹತ್ತಿ ದಾರದ ತಂತು ಉರಿಯಿತು. ಮರುವರ್ಷ ಬಿದಿರಿನ ಎಳೆಯ ತಂತು ಸಾವಿರ ಗಂಟೆಗೂ ಮೀರಿ ಬಾಳಿತು. ಅದಕ್ಕೆ ಜಪಾನಿನ ಬಿದಿರು ತರಿಸಿದ.

1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕ್ ನಗರದ ಪರ್ಲ್ ಸ್ಟ್ರೀಟಿನಲ್ಲಿ ಎಡಿಸನ್ನನ ವಿದ್ಯುದಾಗಾರ ಕೆಲಸ ಆರಂಭಿಸಿತು. ಮೊದಲ ದಿನ ಬೆಳಗಿದ್ದು ಸುಮಾರು 400 ದೀಪಗಳು. ಅಂದು ಊರಿಗೆ ಬಂದದ್ದು ದೀಪ ಮಾತ್ರವಲ್ಲ. ಡೈನಮೋ, ನೆಲದಡಿಯ ತಂತಿ, ಸ್ವಿಚ್ಚು, ಫ್ಯೂಸು, ದೀಪದ ಹೋಲ್ಡರು, ಎಷ್ಟು ಖರ್ಚಾಯಿತೆಂದು ಅಳೆಯುವ ಮೀಟರು ಎಲ್ಲವೂ ಒಟ್ಟಿಗೆ ಬಂದವು. ಆ ಮೊದಲ ಮೀಟರಿನಲ್ಲಿ ದ್ರಾವಣದಲ್ಲಿ ಮುಳುಗಿಸಿದ ಸತುವಿನ ಫಲಕಗಳಿದ್ದವು. ಅವುಗಳ ತೂಕದಲ್ಲಾದ ವ್ಯತ್ಯಾಸವನ್ನು ನೋಡಿ ಬಿಲ್ಲು ಬರೆಯುತ್ತಿದ್ದರು. ಪ್ರಯೋಗಶಾಲೆಯ ಕೌತುಕವಾಗಿದ್ದ ವಿದ್ಯುತ್ತನ್ನು ಮನೆಯವರು ಗುಂಡಿ ಒತ್ತಿ ಪಡೆಯುವ, ತಿಂಗಳಿಗೊಮ್ಮೆ ಹಣ ತೆರುವ ಸೌಕರ್ಯವಾಗಿ ಮಾಡಿದವನು ಎಡಿಸನ್. ಅವನ ನಿಜವಾದ ಆವಿಷ್ಕಾರ ಈ ವ್ಯವಸ್ಥೆ.

ಇದರಲ್ಲಿ ಒಂದೇ ಒಂದು ದೊಡ್ಡ ಕೊರತೆಯಿತ್ತು. ಎಡಿಸನ್ನನದು 110 ವೋಲ್ಟಿನ ನೇರ ವಿದ್ಯುತ್. ಒಂದು ಮೈಲಿಯ ಆಚೆಗೆ ಅದನ್ನು ಲಾಭದಾಯಕವಾಗಿ ಕಳುಹಿಸುವುದು ಕಷ್ಟವಾಗಿತ್ತು.

ಒಂದು ಸಣ್ಣ ಲೆಕ್ಕ

ಈ ಕೊರತೆ ಏಕೆಂಬುದನ್ನು ಹತ್ತನೆಯ ತರಗತಿಯ ಲೆಕ್ಕದಿಂದಲೇ ತಿಳಿಯಬಹುದು. ವಿದ್ಯುತ್ ಸಾಮರ್ಥ್ಯವೆಂದರೆ ವೋಲ್ಟೇಜು ಮತ್ತು ಪ್ರವಾಹಗಳ ಗುಣಲಬ್ಧ. ತಂತಿಯಲ್ಲಿ ಶಾಖವಾಗಿ ನಷ್ಟವಾಗುವುದು ಪ್ರವಾಹದ ವರ್ಗ ಮತ್ತು ತಂತಿಯ ರೋಧ ಇವುಗಳ ಗುಣಲಬ್ಧ.

10,000 ವಾಟ್ ಸಾಮರ್ಥ್ಯವನ್ನು 1 ಓಮ್ ರೋಧವುಳ್ಳ ತಂತಿಯಲ್ಲಿ ಕಳುಹಿಸಬೇಕೆಂದಿಟ್ಟುಕೊಳ್ಳಿ. 100 ವೋಲ್ಟಿನಲ್ಲಿ ಕಳುಹಿಸಿದರೆ ಪ್ರವಾಹ 100 ಆಂಪಿಯರ್. ನಷ್ಟ 100ರ ವರ್ಗ, ಅಂದರೆ 10,000 ವಾಟ್. ಕಳುಹಿಸಿದ್ದೆಲ್ಲ ದಾರಿಯಲ್ಲೇ ತಂತಿಯನ್ನು ಬಿಸಿಮಾಡಿ ಮುಗಿಯಿತು, ಮನೆಗೆ ಏನೂ ತಲುಪಲಿಲ್ಲ. ಅದನ್ನೇ 10,000 ವೋಲ್ಟಿನಲ್ಲಿ ಕಳುಹಿಸಿದರೆ ಪ್ರವಾಹ 1 ಆಂಪಿಯರ್, ನಷ್ಟ 1 ವಾಟ್ ಮಾತ್ರ. ದೂರಕ್ಕೆ ಸಾಗಿಸಲು ವೋಲ್ಟೇಜನ್ನು ಏರಿಸಬೇಕು, ಮನೆಯ ಬಳಿ ಇಳಿಸಬೇಕು. ಏರಿಸಿ ಇಳಿಸುವ ಸಾಧನ ಟ್ರಾನ್ಸ್‌ಫಾರ್ಮರ್. ನಮ್ಮ ಹಳ್ಳಿಗಳಲ್ಲಿ ಟಿ.ಸಿ. ಎಂದು ಕರೆಯುವುದು ಇದನ್ನೇ. ಇದು ಕೆಲಸ ಮಾಡುವುದು ದಿಕ್ಕು ಬದಲಿಸುತ್ತಲೇ ಇರುವ ಪರ್ಯಾಯ ವಿದ್ಯುತ್ತಿನಿಂದ. ನೇರ ವಿದ್ಯುತ್ತನ್ನು ಹೀಗೆ ಏರಿಸಿ ಇಳಿಸುವ ಸುಲಭೋಪಾಯ ಆ ಕಾಲದಲ್ಲಿರಲಿಲ್ಲ.

1886ರ ಮಾರ್ಚಿನಲ್ಲಿ ವಿಲಿಯಂ ಸ್ಟ್ಯಾನ್ಲಿ ಎಂಬ ಎಂಜಿನಿಯರ್ ಅಮೆರಿಕದ ಗ್ರೇಟ್ ಬ್ಯಾರಿಂಗ್ಟನ್ ಎಂಬ ಊರಿನಲ್ಲಿ ಟ್ರಾನ್ಸ್‌ಫಾರ್ಮರುಗಳ ಮೂಲಕ ಅಂಗಡಿಗಳಿಗೆ ಬೆಳಕು ಕೊಟ್ಟು ತೋರಿಸಿದ. ಅವನ ಹಿಂದೆ ನಿಂತವನು ಉದ್ಯಮಿ ಜಾರ್ಜ್ ವೆಸ್ಟಿಂಗ್‌ಹೌಸ್. ಆಗಿನ್ನೂ ಟೆಸ್ಲಾ ವೆಸ್ಟಿಂಗ್‌ಹೌಸ್‌ನ ಬಳಿಗೆ ಬಂದೇ ಇರಲಿಲ್ಲ. ಪರ್ಯಾಯ ವಿದ್ಯುತ್ತನ್ನು ಟೆಸ್ಲಾ ಕಂಡುಹಿಡಿದ ಎಂಬ ಮಾತೂ ಆದ್ದರಿಂದ ಅರ್ಧ ಸತ್ಯವೇ.

ಟೆಸ್ಲಾ ಮಾಡಿದ್ದೇನು?

ಪರ್ಯಾಯ ವಿದ್ಯುತ್ತಿಗೆ ದೂರ ಹೋಗುವ ಶಕ್ತಿಯಿತ್ತು, ದುಡಿಯುವ ಶಕ್ತಿಯಿರಲಿಲ್ಲ. ದೀಪ ಹಚ್ಚಬಹುದಿತ್ತು, ಆದರೆ ಅದರಿಂದ ಚೆನ್ನಾಗಿ ಓಡುವ ಮೋಟಾರು ಇರಲಿಲ್ಲ. ಅಂದಿನ ಮೋಟಾರುಗಳಿಗೆ ದಿಕ್ಪರಿವರ್ತಕವೆಂಬ ಬಿಡಿಭಾಗ ಬೇಕಿತ್ತು. ತಿರುಗುವ ತಾಮ್ರದ ಪಟ್ಟಿಗಳ ಮೇಲೆ ಬ್ರಷ್ಷುಗಳು ಉಜ್ಜುತ್ತ ಕಿಡಿ ಹಾರಿಸುತ್ತಿದ್ದವು, ಸವೆಯುತ್ತಿದ್ದವು. ಗ್ರಾಝ್‌ನ ತರಗತಿಯಲ್ಲಿ ಡೈನಮೋ ಒಂದರ ಈ ಕಿಡಿಗಳನ್ನು ನೋಡಿದ ವಿದ್ಯಾರ್ಥಿ ಟೆಸ್ಲಾ, ಈ ಭಾಗವನ್ನೇ ತೆಗೆದುಹಾಕಬಾರದೇಕೆ ಎಂದು ಕೇಳಿದ. ಪ್ರಾಧ್ಯಾಪಕರು ಅದು ಅಸಾಧ್ಯವೆಂದು ತರಗತಿಯ ಮುಂದೆಯೇ ವಿವರಿಸಿದರು. ಈ ಪ್ರಸಂಗವನ್ನು ಟೆಸ್ಲಾ ತನ್ನ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾನೆ. ನನ್ನಂಥ ಮೇಷ್ಟರುಗಳು ಮರೆಯದೆ ಓದಬೇಕಾದ ಪುಟವದು. ಪ್ರಾಧ್ಯಾಪಕರು ದಡ್ಡರೇನಲ್ಲ, ಅಂದು ತಿಳಿದಿದ್ದ ವಿಜ್ಞಾನದ ಪ್ರಕಾರ ಅವರ ಮಾತು ಸರಿಯಾಗಿಯೇ ಇತ್ತು. ಆದರೆ ವಿದ್ಯಾರ್ಥಿ ಪ್ರಶ್ನೆಯನ್ನು ಬಿಡಲಿಲ್ಲ.

1882ರಲ್ಲಿ ಬುಡಾಪೆಸ್ಟಿನ ಉದ್ಯಾನವೊಂದರಲ್ಲಿ ಗೆಳೆಯನೊಡನೆ ಅಡ್ಡಾಡುತ್ತ, ಗಯಟೆಯ ಕಾವ್ಯವನ್ನು ಹೇಳಿಕೊಳ್ಳುತ್ತಿದ್ದಾಗ ಉತ್ತರ ಹೊಳೆಯಿತೆಂದು ಆತನೇ ಬರೆದಿದ್ದಾನೆ. ಒಂದಕ್ಕಿಂತ ಹೆಚ್ಚು ಪರ್ಯಾಯ ಪ್ರವಾಹಗಳನ್ನು, ಒಂದು ಏರುವಾಗ ಇನ್ನೊಂದು ಇಳಿಯುವಂತೆ, ಹಿಂದುಮುಂದಾಗಿ ಸುರುಳಿಗಳಲ್ಲಿ ಹರಿಸಿದರೆ ಕಾಂತಕ್ಷೇತ್ರವೇ ವೃತ್ತಾಕಾರವಾಗಿ ತಿರುಗುತ್ತದೆ. ನಡುವೆ ಇಟ್ಟ ಲೋಹದ ಉರುಳೆಯಲ್ಲಿ ಪ್ರೇರಣೆಯಿಂದ ತಾನಾಗಿ ವಿದ್ಯುತ್ ಹುಟ್ಟಿ, ಅದು ಕ್ಷೇತ್ರದ ಬೆನ್ನಟ್ಟಿ ತಿರುಗತೊಡಗುತ್ತದೆ. ಬ್ರಷ್ಷು ಬೇಡ, ಕಿಡಿಯಿಲ್ಲ, ಉಜ್ಜಾಟವಿಲ್ಲ. ಇದೇ ಪ್ರೇರಣ ಮೋಟಾರು.

1888ರ ಮೇ 1ರಂದು ಟೆಸ್ಲಾನಿಗೆ ಇದರ ಪೇಟೆಂಟುಗಳು ದೊರೆತವು. ಅದೇ ತಿಂಗಳ 16ರಂದು ಅಮೆರಿಕದ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಉಪನ್ಯಾಸ ಕೊಟ್ಟ. ಕೆಲವೇ ವಾರಗಳಲ್ಲಿ ವೆಸ್ಟಿಂಗ್‌ಹೌಸ್ ಆ ಪೇಟೆಂಟುಗಳನ್ನು ಬಳಸುವ ಹಕ್ಕನ್ನು ಕೊಂಡುಕೊಂಡ. ಇಲ್ಲಿಯೂ ಒಂದು ಮಾತು ಸೇರಿಸಬೇಕು. ಇಟಲಿಯ ಗೆಲಿಲಿಯೊ ಫೆರಾರಿಸ್ ಎಂಬ ಪ್ರಾಧ್ಯಾಪಕ ತಿರುಗುವ ಕಾಂತಕ್ಷೇತ್ರವನ್ನು ಸ್ವತಂತ್ರವಾಗಿ ಕಂಡುಕೊಂಡು, ಅದೇ ವರ್ಷದ ಮಾರ್ಚಿನಲ್ಲಿ ಪ್ರಕಟಿಸಿದ್ದ. ಇಂದು ನಾವು ತ್ರೀ ಫೇಸ್ ಎನ್ನುವ ಪದ್ಧತಿಯನ್ನು ಕಾರ್ಖಾನೆಯ ಮಟ್ಟಕ್ಕೆ ತಂದವರಲ್ಲಿ ರಷ್ಯಾ ಮೂಲದ ಡೊಲಿವೊ ಡೊಬ್ರೊವೊಲ್ಸ್ಕಿ ಪ್ರಮುಖ. 1891ರಲ್ಲಿ ಜರ್ಮನಿಯ ಲಾಫೆನ್‌ನಿಂದ ಫ್ರಾಂಕ್‌ಫರ್ಟಿಗೆ 175 ಕಿ.ಮೀ. ದೂರ ವಿದ್ಯುತ್ ಸಾಗಿಸಿದ ಪ್ರಯೋಗದಲ್ಲಿ ಅವನ ಪಾತ್ರ ದೊಡ್ಡದು.

ಜಗಳ ಯಾರ ಯಾರ ನಡುವೆ?

ಟೆಸ್ಲಾ ಎಡಿಸನ್ನನ ಬಳಿ ಕೆಲಸಕ್ಕಿದ್ದುದು ನಿಜ. ಮೊದಲು ಪ್ಯಾರಿಸ್ಸಿನ ಎಡಿಸನ್ ಕಂಪನಿಯಲ್ಲಿದ್ದು, 1884ರಲ್ಲಿ ನ್ಯೂಯಾರ್ಕಿಗೆ ಬಂದು, ಎಡಿಸನ್ನನ ಯಂತ್ರ ಕಾರ್ಖಾನೆಯಲ್ಲಿ ಸುಮಾರು ಆರು ತಿಂಗಳು ದುಡಿದು ಬಿಟ್ಟ. ಎಡಿಸನ್ ಐವತ್ತು ಸಾವಿರ ಡಾಲರ್ ಕೊಡುವೆನೆಂದು ಮಾತು ಕೊಟ್ಟು, ಕೆಲಸವಾದ ಮೇಲೆ ತಮಾಷೆ ಮಾಡಿದೆನೆಂದು ನಕ್ಕನೆಂಬ ಕಥೆ ಎಲ್ಲೆಡೆ ಹರಿದಾಡುತ್ತದೆ. 1919ರಲ್ಲಿ ಪತ್ರಿಕೆಯೊಂದರಲ್ಲಿ ಬಂದ ಟೆಸ್ಲಾನ ಆತ್ಮಕಥನವನ್ನೇ ತೆರೆದು ನೋಡಿದರೆ, ಮಾತು ಕೊಟ್ಟವನು ಕಾರ್ಖಾನೆಯ ಮ್ಯಾನೇಜರನೆಂದಿದೆ, ಎಡಿಸನ್ ಎಂದಿಲ್ಲ. ಕೆಲಸ ಬಿಟ್ಟ ಮೇಲೆ ಟೆಸ್ಲಾ ಕೆಲಕಾಲ ಗುಂಡಿ ತೋಡುವ ಕೂಲಿ ಮಾಡಿದ್ದು ಮಾತ್ರ ಸತ್ಯ.

ಚರಿತ್ರೆಕಾರರು 'ಪ್ರವಾಹಗಳ ಯುದ್ಧ' ಎಂದು ಕರೆಯುವ ಕಲಹ ನಡೆದದ್ದು ಮುಖ್ಯವಾಗಿ ಎಡಿಸನ್ ಕಂಪನಿ ಮತ್ತು ವೆಸ್ಟಿಂಗ್‌ಹೌಸ್ ಕಂಪನಿಗಳ ನಡುವೆ, 1888ರಿಂದ ಸುಮಾರು 1892ರವರೆಗೆ. ಈ ಅವಧಿಯಲ್ಲಿ ಎಡಿಸನ್ ನಡೆದುಕೊಂಡ ರೀತಿಯನ್ನು ಸಮರ್ಥಿಸಲಾಗದು. ಪರ್ಯಾಯ ವಿದ್ಯುತ್ ಪ್ರಾಣಾಂತಿಕವೆಂದು ತೋರಿಸಲು ಹೆರಾಲ್ಡ್ ಬ್ರೌನ್ ಎಂಬಾತ ನಾಯಿ, ಕರು, ಕುದುರೆಗಳನ್ನು ವಿದ್ಯುತ್ತಿನಿಂದ ಕೊಂದು ಪ್ರದರ್ಶಿಸಿದ. ಅದಕ್ಕೆ ಎಡಿಸನ್ ತನ್ನ ಪ್ರಯೋಗಾಲಯವನ್ನೇ ಒದಗಿಸಿದ. ಮರಣದಂಡನೆಗೆ ವಿದ್ಯುತ್ ಕುರ್ಚಿ ಬಳಸುವ ಯೋಚನೆ ಬಂದಾಗ, ಅದಕ್ಕೆ ವೆಸ್ಟಿಂಗ್‌ಹೌಸ್‌ನ ಯಂತ್ರವೇ ತಕ್ಕುದೆಂಬ ಅಭಿಪ್ರಾಯಕ್ಕೆ ಬಲ ಕೊಟ್ಟ. 1890ರ ಆಗಸ್ಟ್ 6ರಂದು ವಿಲಿಯಂ ಕೆಮ್ಲರ್ ಎಂಬ ಅಪರಾಧಿಯನ್ನು ಆ ಕುರ್ಚಿಯಲ್ಲಿ ಕೂರಿಸಿದಾಗ ಮೊದಲ ಬಾರಿಗೆ ಪ್ರಾಣ ಹೋಗದೆ, ಎರಡನೆಯ ಬಾರಿ ವಿದ್ಯುತ್ ಹರಿಸಬೇಕಾಯಿತು. ನೋಡಿದವರು ಜುಗುಪ್ಸೆಪಟ್ಟರು. ಜಗತ್ತಿಗೆ ಬೆಳಕು ಕೊಟ್ಟ ಮನುಷ್ಯ ತನ್ನ ವ್ಯಾಪಾರವನ್ನು ಉಳಿಸಿಕೊಳ್ಳಲು ಈ ಮಟ್ಟಕ್ಕೆ ಇಳಿದನೆಂಬುದನ್ನು ಮಕ್ಕಳಿಂದ ಮುಚ್ಚಿಡಬೇಕಾದ ಅಗತ್ಯವಿಲ್ಲ.

ಹಾಗೆಂದು ಅವನ ಭಯವೆಲ್ಲ ಕಪಟವೆನ್ನಲಾಗದು. ನ್ಯೂಯಾರ್ಕಿನ ಬೀದಿಗಳಲ್ಲಿ ಹೆಚ್ಚಿನ ವೋಲ್ಟೇಜಿನ ತಂತಿಗಳು ಅಡ್ಡಾದಿಡ್ಡಿಯಾಗಿ ಜೋತುಬಿದ್ದಿದ್ದವು. 1889ರ ಅಕ್ಟೋಬರಿನಲ್ಲಿ ಜಾನ್ ಫೀಕ್ಸ್ ಎಂಬ ಲೈನ್‌ಮನ್ ಹಾಡುಹಗಲೇ ಕಂಬದ ಮೇಲೆ, ಜನ ನೋಡುತ್ತಿದ್ದಂತೆ ಸುಟ್ಟು ಸತ್ತ. ಆ ಸಾವಿನ ತರುವಾಯ ತಂತಿಗಳನ್ನು ನೆಲದಡಿಗೆ ಇಳಿಸುವ ಕೆಲಸ ಬಿರುಸಾಯಿತು. ಎಡಿಸನ್ ಮೊದಲಿನಿಂದಲೂ ತಂತಿಗಳನ್ನು ನೆಲದಡಿಯಲ್ಲೇ ಹಾಕಿಸಿದ್ದನೆಂಬುದೂ ಅಷ್ಟೇ ನಿಜ.

ಎಡಿಸನ್ ಆನೆಯೊಂದನ್ನು ವಿದ್ಯುತ್ತಿನಿಂದ ಕೊಲ್ಲಿಸಿದನೆಂಬ ಕಥೆಗೆ ಇಸವಿಯೇ ಉತ್ತರ ಹೇಳುತ್ತದೆ. ಟಾಪ್ಸಿ ಎಂಬ ಆ ಆನೆ ಸತ್ತದ್ದು 1903ರ ಜನವರಿಯಲ್ಲಿ. ಪ್ರವಾಹಗಳ ಯುದ್ಧ ಮುಗಿದು ಹತ್ತು ವರ್ಷವಾಗಿತ್ತು. ಎಡಿಸನ್ ಹೆಸರಿನ ಚಲನಚಿತ್ರ ಕಂಪನಿ ಅದನ್ನು ಚಿತ್ರೀಕರಿಸಿದ್ದರಿಂದ ಕಥೆ ಹುಟ್ಟಿಕೊಂಡಿತು. ನಮ್ಮವರು ಟೆಸ್ಲಾನ ಬಗೆಗೆ ಹೇಳುವ ಇನ್ನೊಂದು ಕಥೆಗೂ ಇದೇ ಉತ್ತರ ಸಲ್ಲುತ್ತದೆ. ಸ್ವಾಮಿ ವಿವೇಕಾನಂದರು 1896ರಲ್ಲಿ ನ್ಯೂಯಾರ್ಕಿನಲ್ಲಿ ಟೆಸ್ಲಾನನ್ನು ಕಂಡು, ಪ್ರಾಣ ಮತ್ತು ಆಕಾಶಗಳ ತತ್ತ್ವವನ್ನು ಚರ್ಚಿಸಿದ್ದು ಅವರ ಪತ್ರದಿಂದ ತಿಳಿಯುತ್ತದೆ. ಇದು ನಾವು ಹೆಮ್ಮೆಪಡಬಹುದಾದ ಸಂಗತಿ. ಆದರೆ ವೇದಾಂತ ಕೇಳಿದ್ದರಿಂದ ಆತ ಮೋಟಾರು ಕಂಡುಹಿಡಿದನೆಂಬ ಮಾತು ನಿಲ್ಲದು. ಮೋಟಾರಿನ ಪೇಟೆಂಟು ಬಂದು ಆಗಲೇ ಎಂಟು ವರ್ಷ ಕಳೆದಿತ್ತು.

1892ರಲ್ಲಿ ಎಡಿಸನ್ನನ ಕಂಪನಿ ಇನ್ನೊಂದು ಕಂಪನಿಯೊಡನೆ ವಿಲೀನವಾಗಿ ಜನರಲ್ ಎಲೆಕ್ಟ್ರಿಕ್ ಆಯಿತು. ಹೆಸರಿನಿಂದ 'ಎಡಿಸನ್' ಎಂಬ ಪದವೇ ಹೋಯಿತು, ಕಂಪನಿ ಪರ್ಯಾಯ ವಿದ್ಯುತ್ತಿನ ಕಡೆಗೆ ಹೊರಳಿತು. 1893ರ ಷಿಕಾಗೊ ವಿಶ್ವಮೇಳವನ್ನು ವೆಸ್ಟಿಂಗ್‌ಹೌಸ್ ಬೆಳಗಿದ. ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಈ ಮೇಳದ ಸಂದರ್ಭದಲ್ಲಿಯೇ. 1896ರ ನವೆಂಬರಿನಲ್ಲಿ ನಯಾಗರ ಜಲಪಾತದ ವಿದ್ಯುತ್ 26 ಮೈಲಿ ದೂರದ ಬಫಲೊ ನಗರಕ್ಕೆ ಹರಿಯಿತು. ಜಲಪಾತದ ಬಳಿ ಯಂತ್ರಗಳು ವೆಸ್ಟಿಂಗ್‌ಹೌಸ್‌ನವು, ಬಫಲೊವರೆಗಿನ ಮಾರ್ಗ ಜನರಲ್ ಎಲೆಕ್ಟ್ರಿಕ್‌ನದು. ಜಗಳವಾಡಿದ ಎರಡೂ ಮನೆಗಳು ಒಂದೇ ಕೆಲಸದಲ್ಲಿ ಕೈಜೋಡಿಸಿದ್ದವು.

ಶಿವನಸಮುದ್ರದ ಸಾಕ್ಷಿ

ಈ ಕಲಹದ ಫಲ ನಮ್ಮ ನಾಡಿಗೆ ಎಷ್ಟು ಬೇಗ ಬಂದಿತೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಕೋಲಾರದ ಚಿನ್ನದ ಗಣಿಗಳು ಆಗ ಉಗಿಯಂತ್ರಗಳಿಂದ ನಡೆಯುತ್ತಿದ್ದವು; ಕಲ್ಲಿದ್ದಲು ದೂರದಿಂದ ಬರಬೇಕಾಗಿತ್ತು. ಕಾವೇರಿಯ ಶಿವನಸಮುದ್ರ ಜಲಪಾತದಿಂದ ವಿದ್ಯುತ್ ಪಡೆದು ಗಣಿಗಳಿಗೆ ಕಳುಹಿಸುವ ಯೋಜನೆಯನ್ನು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರು ಕೈಗೆತ್ತಿಕೊಂಡರು, ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅದನ್ನು ರೂಪಿಸಿದರು. 1902ರಲ್ಲಿ ಸುಮಾರು 147 ಕಿ.ಮೀ. ದೂರದ ಗಣಿಗಳಿಗೆ ವಿದ್ಯುತ್ ಹರಿಯಿತು. ಅದು ಅಂದಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. 1905ರಲ್ಲಿ ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದವು.

ಶಿವನಸಮುದ್ರವನ್ನು ಏಷ್ಯಾದ ಮೊದಲ ಜಲವಿದ್ಯುದಾಗಾರವೆಂದು ಭಾಷಣಗಳಲ್ಲಿ ಹೇಳುವುದುಂಟು. ಜಪಾನಿನ ಕ್ಯೋಟೊದಲ್ಲಿ 1891ರಲ್ಲೂ ಡಾರ್ಜಿಲಿಂಗಿನಲ್ಲಿ 1897ರಲ್ಲೂ ಜಲವಿದ್ಯುತ್ ಉತ್ಪಾದನೆ ಆರಂಭವಾಗಿತ್ತು. ಶಿವನಸಮುದ್ರದ ಹಿರಿಮೆಗೆ ಈ ಉತ್ಪ್ರೇಕ್ಷೆ ಬೇಕಿಲ್ಲ, 147 ಕಿ.ಮೀ. ದೂರವೇ ಸಾಕು. ಪರ್ಲ್ ಸ್ಟ್ರೀಟಿನ ವಿದ್ಯುತ್ ಒಂದು ಮೈಲಿ ದಾಟಲು ತಿಣುಕಿದ್ದು 1882ರಲ್ಲಿ. ಕೇವಲ ಇಪ್ಪತ್ತು ವರ್ಷಗಳಲ್ಲಿ ಕಾವೇರಿಯ ವಿದ್ಯುತ್ ಕೋಲಾರ ಮುಟ್ಟಿತ್ತು. ಇದು ಪರ್ಯಾಯ ವಿದ್ಯುತ್ತಿನಿಂದ ಮಾತ್ರ ಸಾಧ್ಯವಾಯಿತು. ಆ ಪರ್ಯಾಯ ವಿದ್ಯುತ್ತಿನ ಯಂತ್ರಗಳನ್ನು ಮೈಸೂರು ಸರ್ಕಾರಕ್ಕೆ ಒದಗಿಸಿದ ಕಂಪನಿ ಯಾವುದು? ಜನರಲ್ ಎಲೆಕ್ಟ್ರಿಕ್, ಅಂದರೆ ಎಡಿಸನ್ ಹುಟ್ಟುಹಾಕಿದ ಉದ್ಯಮದ ವಾರಸುದಾರ. ಎಡಿಸನ್ ವಿರೋಧಿಸಿದ ಪ್ರವಾಹವನ್ನು ಎಡಿಸನ್ನನ ಮನೆತನದ ಕಂಪನಿಯೇ ನಮಗೆ ತಂದುಕೊಟ್ಟಿತು.

ಕೊನೆಯ ದಿನಗಳು

ಸೋಲು ಇಬ್ಬರಿಗೂ ತಪ್ಪಲಿಲ್ಲ. ಎಡಿಸನ್ 1890ರ ದಶಕದಲ್ಲಿ ಕಬ್ಬಿಣದ ಅದಿರನ್ನು ಆಯಸ್ಕಾಂತದಿಂದ ಬೇರ್ಪಡಿಸುವ ಉದ್ಯಮಕ್ಕೆ ಇಳಿದು ತನ್ನ ಸಂಪತ್ತಿನ ಬಹುಭಾಗವನ್ನು ಕಳೆದುಕೊಂಡ. ಆದರೆ ಅಲ್ಲಿ ಕಲಿತ ಯಂತ್ರವಿದ್ಯೆಯನ್ನು ಸಿಮೆಂಟ್ ತಯಾರಿಕೆಗೆ ತಿರುಗಿಸಿಕೊಂಡ. ಬಿದ್ದಲ್ಲಿಂದ ಏಳುವುದು ಅವನ ಸ್ವಭಾವ. 1931ರ ಅಕ್ಟೋಬರ್ 18ರಂದು ತೀರಿಕೊಂಡಾಗ ಅಮೆರಿಕದ ಉದ್ದಗಲಕ್ಕೂ ಜನ ಕ್ಷಣಕಾಲ ದೀಪ ಆರಿಸಿ ಗೌರವ ಸಲ್ಲಿಸಿದರು.

ಟೆಸ್ಲಾನಿಗೆ ಅಂಥ ಅದೃಷ್ಟವಿರಲಿಲ್ಲ. 1891ರಲ್ಲಿ ಅವನ ಹೆಸರಿನ ಸುರುಳಿ, 1898ರಲ್ಲಿ ತಂತಿಯಿಲ್ಲದೆ ದೂರದಿಂದ ನಡೆಸುವ ಪುಟ್ಟ ದೋಣಿ, ಹೀಗೆ ಒಂದಾದ ಮೇಲೊಂದು ಅದ್ಭುತಗಳನ್ನು ತೋರಿಸಿದ. 1901ರಲ್ಲಿ ಬ್ಯಾಂಕರ್ ಜೆ.ಪಿ. ಮಾರ್ಗನ್‌ನಿಂದ 1,50,000 ಡಾಲರ್ ಪಡೆದು, ತಂತಿಯಿಲ್ಲದೆ ಸಂದೇಶ ಕಳುಹಿಸಲು ವಾರ್ಡನ್‌ಕ್ಲಿಫ್ ಎಂಬಲ್ಲಿ ಗೋಪುರ ಕಟ್ಟತೊಡಗಿದ. ಬರಬರುತ್ತ ಸಂದೇಶದ ಜೊತೆಗೆ ವಿದ್ಯುತ್ ಶಕ್ತಿಯನ್ನೇ ಕಳುಹಿಸುವೆನೆಂದ. ಮಾರ್ಗನ್ ಮತ್ತೆ ಹಣ ಕೊಡಲಿಲ್ಲ. 1917ರಲ್ಲಿ ಸಾಲಕ್ಕಾಗಿ ಗೋಪುರವನ್ನು ಕೆಡವಿದರು. ಜಗತ್ತು ಅವನನ್ನು ವಂಚಿಸಿತೆನ್ನುವವರು, ವೆಸ್ಟಿಂಗ್‌ಹೌಸ್ ಕಂಪನಿ 1897ರಲ್ಲಿ ಅವನ ಪೇಟೆಂಟುಗಳಿಗಾಗಿ ಎರಡು ಲಕ್ಷ ಡಾಲರಿಗೂ ಮಿಕ್ಕಿದ ಮೊತ್ತವನ್ನು ಕೊಟ್ಟಿತೆಂಬುದನ್ನೂ ನೆನೆಯಬೇಕು. ಪ್ರತಿಭೆಯನ್ನು ಕೊನೆಯವರೆಗೆ ನಡೆಸುವ ತಂಡ, ಲೆಕ್ಕಪತ್ರ, ತಾಳ್ಮೆ ಇವು ಅವನಲ್ಲಿರಲಿಲ್ಲ. ಎಡಿಸನ್ನನಲ್ಲಿ ಧಾರಾಳವಾಗಿದ್ದುದು ಇವೇ. 1943ರ ಜನವರಿ 7ರಂದು ನ್ಯೂಯಾರ್ಕಿನ ಹೋಟೆಲ್ ಕೋಣೆಯೊಂದರಲ್ಲಿ ಟೆಸ್ಲಾ ಒಂಟಿಯಾಗಿ ತೀರಿಕೊಂಡ. ಕಾಂತಕ್ಷೇತ್ರದ ಏಕಮಾನಕ್ಕೆ ಅವನ ಹೆಸರು ಬಂದದ್ದು 1960ರಲ್ಲಿ.

ಎಡಿಸನ್ನನ ಕೊರತೆಯನ್ನು ಟೆಸ್ಲಾ ಸರಿಯಾಗಿಯೇ ಗುರುತಿಸಿದ್ದ. ಹುಲ್ಲುಮೆದೆಯಲ್ಲಿ ಸೂಜಿ ಹುಡುಕಬೇಕಾಗಿ ಬಂದರೆ ಎಡಿಸನ್ ಒಂದೊಂದೇ ಹುಲ್ಲುಕಡ್ಡಿಯನ್ನು ಎತ್ತಿ ನೋಡುವವನು, ಸ್ವಲ್ಪ ಸಿದ್ಧಾಂತ ಬಲ್ಲವನಾಗಿದ್ದರೆ ಆ ಶ್ರಮದ ಬಹುಪಾಲು ಉಳಿಯುತ್ತಿತ್ತು ಎಂಬರ್ಥದ ಮಾತನ್ನು ಎಡಿಸನ್ ಸತ್ತಾಗ ಆಡಿದ. ಇದಕ್ಕೊಂದು ನಿದರ್ಶನವೂ ಇದೆ. ದೀಪದ ಒಳಗಿನ ನಿರ್ವಾತದಲ್ಲಿ ಬಿಸಿ ತಂತುವಿನಿಂದ ಲೋಹದ ಫಲಕಕ್ಕೆ ವಿದ್ಯುತ್ ಹರಿಯುವುದನ್ನು ಎಡಿಸನ್ 1880ರ ದಶಕದಲ್ಲೇ ಗಮನಿಸಿ, ಪೇಟೆಂಟನ್ನೂ ಪಡೆದಿದ್ದ. ಏಕೆ ಹರಿಯುತ್ತದೆಂದು ಬೆನ್ನಟ್ಟಿ ಹೋಗಲಿಲ್ಲ. ಅದೇ ಪರಿಣಾಮವನ್ನು ಬಳಸಿ 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಮೊದಲ ಎಲೆಕ್ಟ್ರಾನಿಕ್ ಕವಾಟವನ್ನು ಮಾಡಿದ.

ಆದರೂ 1917ರಲ್ಲಿ ವಿದ್ಯುತ್ ಎಂಜಿನಿಯರುಗಳ ಸಂಸ್ಥೆ ಟೆಸ್ಲಾನಿಗೆ ಪದಕ ಕೊಟ್ಟಿತು. ಪದಕದ ಹೆಸರು ಎಡಿಸನ್ ಪದಕ! ಅದನ್ನು ಸ್ವೀಕರಿಸಿ ಮಾತನಾಡಿದ ಟೆಸ್ಲಾ, ಯಾವ ಶಾಸ್ತ್ರಶಿಕ್ಷಣವೂ ಇಲ್ಲದೆ ಕೇವಲ ಪರಿಶ್ರಮದಿಂದ ಅಷ್ಟನ್ನು ಸಾಧಿಸಿದ ಎಡಿಸನ್ನನನ್ನು ಕಂಡು ತಾನು ಬೆರಗಾಗಿದ್ದೆನೆಂದು ಮನಬಿಚ್ಚಿ ಹೊಗಳಿದ. ಅವರ ಪರವಾಗಿ ಇಂದು ಕಾದಾಡುವವರಲ್ಲಿ ಈ ಔದಾರ್ಯ ಕಾಣುವುದಿಲ್ಲ.

ಉಳಿದದ್ದು ಯಾರದು?

ಯುದ್ಧದಲ್ಲಿ ಪರ್ಯಾಯ ವಿದ್ಯುತ್ ಗೆದ್ದಿತೆಂದು ಹೇಳಿ ಮುಗಿಸುವುದು ವಾಡಿಕೆ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ನ್ಯೂಯಾರ್ಕಿನಲ್ಲಿ ಎಡಿಸನ್ ಕಾಲದ ನೇರ ವಿದ್ಯುತ್ ಪೂರೈಕೆ ಕೊನೆಗೊಂಡದ್ದು 2007ರ ನವೆಂಬರಿನಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲೇ, 2003ರಲ್ಲಿ, ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೆ 1,400 ಕಿ.ಮೀ.ಗೆ ಸಮೀಪದ ಮಾರ್ಗವೊಂದು ಸಿದ್ಧವಾಗಿತ್ತು. ಅದರಲ್ಲಿ ಹರಿಯುವುದು 5 ಲಕ್ಷ ವೋಲ್ಟಿನ ನೇರ ವಿದ್ಯುತ್! ನೇರ ವಿದ್ಯುತ್ತಿನ ವೋಲ್ಟೇಜನ್ನು ಏರಿಸಲಾಗದೆಂಬ ಹಳೆಯ ತೊಡಕನ್ನು ಎಲೆಕ್ಟ್ರಾನಿಕ್ ಸಾಧನಗಳು ನಿವಾರಿಸಿವೆ. ಬಹು ದೂರಕ್ಕೆ ಈಗ ನೇರ ವಿದ್ಯುತ್ತೇ ಮಿತವ್ಯಯಕರ. 1902ರಲ್ಲಿ ಕೋಲಾರಕ್ಕೆ ಬಂದ ಪರ್ಯಾಯ ವಿದ್ಯುತ್ತಿನ ಹಿಂದೆಯೇ ನೂರು ವರ್ಷಗಳ ತರುವಾಯ ಅದೇ ಜಿಲ್ಲೆಗೆ ನೇರ ವಿದ್ಯುತ್ ಬಂದಿತು. ಚಿನ್ನದ ಗಣಿಗಳು ಮಾತ್ರ ಅಷ್ಟರಲ್ಲಿ, 2001ರಲ್ಲಿ, ಮುಚ್ಚಿದ್ದವು. ಪಾವಗಡದ ಸೌರ ಫಲಕಗಳು ಉತ್ಪಾದಿಸುವುದೂ ನೇರ ವಿದ್ಯುತ್ತನ್ನೇ. ಅದನ್ನು ಪರ್ಯಾಯಕ್ಕೆ ಪರಿವರ್ತಿಸಿ ಜಾಲಕ್ಕೆ ಬಿಡುತ್ತಾರೆ. ಅದು ನಮ್ಮ ಮನೆಗೆ ಬಂದ ಮೇಲೆ ಮೊಬೈಲ್ ಚಾರ್ಜರಿನಲ್ಲಿ ಮತ್ತೆ ನೇರ ವಿದ್ಯುತ್ತಾಗುತ್ತದೆ.

ಇನ್ನು ಹೊಲಕ್ಕೆ ಹೋಗಿ ನೋಡಿ. ಬಯಲುಸೀಮೆಯ ರೈತ ನಡುರಾತ್ರಿಯವರೆಗೂ ಕಾದು ಕುಳಿತುಕೊಳ್ಳುವ ತ್ರೀ ಫೇಸ್ ಕರೆಂಟು, ಅದು ಬಂದೊಡನೆ ಕೊಳವೆಬಾವಿಯ ಆಳದಲ್ಲಿ ತಿರುಗುವ ಪಂಪ್‌ಸೆಟ್ ಮೋಟಾರು, ಇವೆರಡರ ಮೂಲತತ್ತ್ವ ಬುಡಾಪೆಸ್ಟಿನ ಉದ್ಯಾನದಲ್ಲಿ ಹೊಳೆದದ್ದೇ. ನೂರಾರು ಅಡಿ ಆಳದಲ್ಲಿ, ನೀರಿನೊಳಗೆ, ಬ್ರಷ್ಷು ಬದಲಿಸುವ ಗೋಜಿಲ್ಲದೆ ಅದು ವರ್ಷಗಟ್ಟಲೆ ದುಡಿಯುತ್ತದೆ. ಆದರೆ ಆ ರೈತನ ಮನೆಯ ಸ್ವಿಚ್ಚು, ಫ್ಯೂಸು, ಮೀಟರು, ತಿಂಗಳ ಬಿಲ್ಲು, ಇವುಗಳ ಹಿಂದೆ ನಿಂತಿರುವವನು ಎಡಿಸನ್. ಇಬ್ಬರಲ್ಲಿ ಯಾರೊಬ್ಬರನ್ನು ತೆಗೆದರೂ ಆ ಮನೆಯ ವಿದ್ಯುತ್ತಿನ ಕಥೆ ಅಪೂರ್ಣ. ಸ್ಟ್ಯಾನ್ಲಿ, ವೆಸ್ಟಿಂಗ್‌ಹೌಸ್, ಫೆರಾರಿಸ್, ಡೊಬ್ರೊವೊಲ್ಸ್ಕಿ ಮೊದಲಾದವರನ್ನು ತೆಗೆದರೂ ಅಷ್ಟೇ.

ಆದ್ದರಿಂದ ಯಾರು ದೊಡ್ಡವರೆಂಬ ಪ್ರಶ್ನೆಯನ್ನು ನಾನು ಮಕ್ಕಳಿಗೆ ಕೇಳುವುದಿಲ್ಲ. ಅದಕ್ಕೆ ಸಿಗುವ ಉತ್ತರ ಜೈಕಾರವೋ ಧಿಕ್ಕಾರವೋ ಆಗಿಬಿಡುತ್ತದೆ. ಎಡಿಸನ್ನನಿಗೆ ಕಾಣದೆ ಟೆಸ್ಲಾನಿಗೆ ಕಂಡದ್ದೇನು, ಟೆಸ್ಲಾನಿಗೆ ಕಾಣದೆ ಎಡಿಸನ್ನನಿಗೆ ಕಂಡದ್ದೇನು ಎಂದು ಕೇಳಿದರೆ ಪಾಠ ಮುಂದುವರಿಯುತ್ತದೆ. ಪ್ರತಿಭೆಯೊಂದೇ ಸಾಕೆಂದು ನಂಬಿದ ಹುಡುಗ ದುಡಿಮೆಯನ್ನು ಹೀಗಳೆಯುತ್ತಾನೆ. ಬೆವರೊಂದೇ ಸಾಕೆಂದು ನಂಬಿದವನು ಸಿದ್ಧಾಂತವನ್ನು ಕಡೆಗಣಿಸುತ್ತಾನೆ. ನಾವು ಹೇಳುವ ಕಥೆಗಳಿಂದ ಮಕ್ಕಳು ತಾವು ಏನಾಗಬೇಕೆಂದು ನಿಶ್ಚಯಿಸಿಕೊಳ್ಳುತ್ತಾರೆ. ಕಥೆಯನ್ನು ಪೂರ್ತಿಯಾಗಿ ಹೇಳಬೇಕಾದದ್ದು ಆ ಕಾರಣಕ್ಕಾಗಿ.

ಮನೆಯಲ್ಲಿ ಓದುವ ಮಕ್ಕಳಿರುವವರಿಗೆ ಒಂದು ಸಲಹೆ. ಅಡುಗೆಮನೆಯ ಮಿಕ್ಸಿ ಓಡುವಾಗ ಅದರ ಕೆಳಭಾಗದ ಗಾಳಿಯ ಸೀಳುಗಳನ್ನು ಕತ್ತಲಲ್ಲಿ ನೋಡಲು ಹೇಳಿ. ನೀಲಿ ಕಿಡಿಗಳು ಕಾಣಬಹುದು. ಅದು ಬ್ರಷ್ಷು ಮತ್ತು ದಿಕ್ಪರಿವರ್ತಕವುಳ್ಳ ಮೋಟಾರು. ರಿಪೇರಿಯವನು 'ಕಾರ್ಬನ್ ಹೋಗಿದೆ' ಎನ್ನುವುದು ಆ ಬ್ರಷ್ಷನ್ನೇ. ಆಮೇಲೆ ತಲೆಯ ಮೇಲಿನ ಹಳೆಯ ಸೀಲಿಂಗ್ ಫ್ಯಾನನ್ನು ತೋರಿಸಿ. ಅದರಲ್ಲಿ ಕಿಡಿಯಿಲ್ಲ, ಕಾರ್ಬನ್ನೂ ಇಲ್ಲ. ಏಕಿರಬಹುದೆಂದು ಕೇಳಿ, ಉತ್ತರ ಹೇಳಿಕೊಡದೆ ಸ್ವಲ್ಪ ಹೊತ್ತು ಸುಮ್ಮನಿರಿ.